1954ರ ‘ಗೊಜಿರಾ’: ಸಂಕಟವನ್ನು ಬಂಡವಾಳ ಮಾಡಿಕೊಂಡ ಚಿತ್ರವೇ?

ತೆರೆಮರೆ

ಜಪಾನಿನ ತೋಹೋ ಸಂಸ್ಥೆ 1954ರ ನವೆಂಬರ್ 3ರಂದು ‘ಗೊಜಿರಾ’ (ಹೊರಗಿನವರ ಬಾಯಲ್ಲಿ ‘ಗಾಡ್ಜಿಲ್ಲಾ’) ಚಿತ್ರವನ್ನು ಬಿಡುಗಡೆ ಮಾಡಿದಾಗ ಅಲ್ಲಿನ ವಿಮರ್ಶಕರಲ್ಲಿ ಕೆಲವರು ಅದನ್ನು ಕಟುವಾಗಿ ಟೀಕಿಸಿದರು. ಅದೇ ವರ್ಷ ವಿಕಿರಣಕ್ಕೆ ಸಿಕ್ಕಿದ ಮೀನುಗಾರರ ಸಂಕಟ ಇನ್ನೂ ಹಸಿಯಾಗಿರುವಾಗಲೇ ಅದನ್ನು ಜಲಜನಕ ಬಾಂಬಿನ ಪರೀಕ್ಷೆಯಿಂದ ಎಚ್ಚೆತ್ತ ಒಂದು ದೈತ್ಯ ಪ್ರಾಣಿಯ ಕಥೆಗೆ ಬಂಡವಾಳ ಮಾಡಿಕೊಂಡರು ಎಂಬುದು ಅವರ ಆಕ್ಷೇಪ. ಜನ ಮಾತ್ರ ಮುಗಿಬಿದ್ದು ನೋಡಿದರು. ಸುಮಾರು 96 ಲಕ್ಷ ಟಿಕೆಟ್‌ಗಳು ಮಾರಾಟವಾದವು. ಇಂದು ಈ ಚಿತ್ರವನ್ನು ಜಪಾನಿ ಸಿನಿಮಾದ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಇಡುತ್ತಾರೆ, ಆ ಹಳೆಯ ಆಕ್ಷೇಪವನ್ನು ಅರಸಿಕರ ಗೊಣಗಾಟವೆಂದು ತಳ್ಳಿಹಾಕುತ್ತಾರೆ.

ನನಗೆ ಆ ಆಕ್ಷೇಪದಲ್ಲಿ ಹುರುಳಿದೆ ಎನ್ನಿಸುತ್ತದೆ. ಆದರೂ ಚಿತ್ರ ಅದನ್ನು ತಾಳಿಕೊಂಡು ನಿಲ್ಲುತ್ತದೆ. ಹಾಗೆ ನಿಲ್ಲಲು ಕಾರಣ ನಿರ್ಮಾಪಕರ ಸದಾಶಯಕ್ಕಿಂತ ಹೆಚ್ಚಾಗಿ ಚಿತ್ರವನ್ನು ತಯಾರಿಸಿದ ಬಗೆಯಲ್ಲಿದೆ ಎಂಬುದು ನನ್ನ ವಾದ. ಒಂದು ದೃಶ್ಯವನ್ನು ನೆನಪಿಸುತ್ತೇನೆ. ಗೊಜಿರಾ ತೋಕಿಯೋವನ್ನು ಸುಟ್ಟುಹೋದ ಮರುದಿನ ಬೆಳಿಗ್ಗೆ ಆಸ್ಪತ್ರೆಯ ಹಜಾರದ ತುಂಬ ಗಾಯಾಳುಗಳು ಮಲಗಿದ್ದಾರೆ. ವಿಜ್ಞಾನಿಯೊಬ್ಬ ಒಂದು ಪುಟ್ಟ ಮಗುವಿನ ಮುಂದೆ ವಿಕಿರಣ ಅಳೆಯುವ ಗೈಗರ್ ಮಾಪಕವನ್ನು ಹಿಡಿಯುತ್ತಾನೆ, ಅದು ಟಿಕಟಿಕ ಸದ್ದು ಮಾಡುತ್ತದೆ, ಅವನು ಪಕ್ಕದಲ್ಲಿದ್ದ ನಾಯಕಿಯತ್ತ ನೋಡಿ ಇಲ್ಲವೆಂಬಂತೆ ತಲೆಯಾಡಿಸುತ್ತಾನೆ. ಮಾತಿಲ್ಲ. ಆ ದೃಶ್ಯದ ಮಟ್ಟಿಗೆ ಗೊಜಿರಾ ಇದ್ದರೂ ಒಂದೇ, ಇರದಿದ್ದರೂ ಒಂದೇ. ಹಿರೋಶಿಮಾ ಕಂಡವರಿಗೆ ಆ ಹಜಾರ ಗೊತ್ತಿದ್ದ ಹಜಾರ. ಇದನ್ನು ದುರ್ಬಳಕೆ ಎನ್ನಲು ನನಗೆ ಮನಸ್ಸು ಬಾರದು. ಉಳಿದವರು ಏನೆನ್ನುತ್ತೀರಿ?

ತೋಕಿಯೋ ಕನ್ನಡಿಗ

ಚರ್ಚೆಗೆ ಮೊದಲು ಆ ವರ್ಷದ ಘಟನಾಕ್ರಮವನ್ನು ಮುಂದಿಡುವುದು ಒಳ್ಳೆಯದು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ‘ಕ್ಯಾಸಲ್ ಬ್ರಾವೋ’ ಎಂಬ ಜಲಜನಕ ಬಾಂಬನ್ನು ಸ್ಫೋಟಿಸಿತು. ಅದರ ಶಕ್ತಿ 15 ಮೆಗಾಟನ್. ವಿಜ್ಞಾನಿಗಳು ನಿರೀಕ್ಷಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು, ಹಿರೋಶಿಮಾದ ಬಾಂಬಿನ ಸುಮಾರು ಸಾವಿರ ಪಟ್ಟು. ಘೋಷಿತ ಅಪಾಯ ವಲಯದ ಹೊರಗೆ ಟ್ಯೂನಾ ಹಿಡಿಯುತ್ತಿದ್ದ ‘ದಾಯ್ಗೊ ಫುಕುರ್ಯೂ ಮಾರು’ ಎಂಬ ದೋಣಿಯ ಮೇಲೆ ಗಂಟೆಗಟ್ಟಲೆ ಬಿಳಿಯ ಬೂದಿ ಉದುರಿತು. ಅದರಲ್ಲಿದ್ದ 23 ಮಂದಿಗೂ ವಿಕಿರಣದ ಕಾಯಿಲೆ ಅಂಟಿತು. ದೋಣಿ ಮಾರ್ಚ್ 14ರಂದು ಯಾಯ್ಜು ಬಂದರಿಗೆ ಮರಳಿತು, ಅದರ ಮೀನು ಪೇಟೆಗೂ ಹೋಯಿತು, ಸುದ್ದಿ ಹರಡಿದ ಮೇಲೆ ಇಡೀ ದೇಶ ಮೀನು ಮುಟ್ಟಲು ಹೆದರಿತು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಆ ಹೊತ್ತಿಗೆ ‘ಗೊಜಿರಾ’ ಚಿತ್ರೀಕರಣ ನಡೆಯುತ್ತಿತ್ತು.

ಈ ಚಿತ್ರದ ಮೊದಲ ದೃಶ್ಯ ಏನೆಂದು ನೆನಪಿದೆಯಲ್ಲವೇ? ಒಂದು ಹಡಗು, ಅದರ ಡೆಕ್ಕಿನ ಮೇಲೆ ಗಿಟಾರು ನುಡಿಸುತ್ತ ಹಾಯಾಗಿರುವ ನಾವಿಕರು, ಸಮುದ್ರದಲ್ಲಿ ಕಣ್ಣು ಕುಕ್ಕುವ ಬೆಳಕು, ಬೆಂಕಿ, ಕೊನೆಯ ಕ್ಷಣದವರೆಗೂ ಸಂದೇಶ ಕಳುಹಿಸಲು ಹೆಣಗುವ ರೇಡಿಯೋ ನಿರ್ವಾಹಕ. ನವೆಂಬರ್‌ನಲ್ಲಿ ಚಿತ್ರಮಂದಿರದಲ್ಲಿ ಕುಳಿತವರಿಗೆ ವಿವರಣೆ ಬೇಕಿರಲಿಲ್ಲ.

ಆ ದೋಣಿ ಇಂದಿಗೂ ಇದೆ. ತೋಕಿಯೋದ ಯುಮೆನೊಶಿಮಾದಲ್ಲಿ, ಒಂದು ಕಾಲದಲ್ಲಿ ನಗರದ ಕಸ ಸುರಿಯುತ್ತಿದ್ದ ಜಾಗದಲ್ಲಿ, 1976ರಲ್ಲಿ ಅದಕ್ಕೊಂದು ಪ್ರದರ್ಶನಾಲಯ ಕಟ್ಟಿದರು. ನಾನು ಅಲ್ಲಿಗೆ ಹೋಗಿದ್ದೇನೆ. ಇಡೀ ಕಟ್ಟಡವೇ ದೋಣಿಯ ಸುತ್ತ ಎಬ್ಬಿಸಿದ ಚಪ್ಪರದಂತಿದೆ. ಮರದ ಒಡಲು ಸುಮಾರು 30 ಮೀಟರ್ ಉದ್ದ. ಇಷ್ಟು ಚಿಕ್ಕದರಲ್ಲಿ ಪೆಸಿಫಿಕ್ ದಾಟುತ್ತಿದ್ದರೇ ಎಂದು ಬೆರಗಾಗುತ್ತದೆ.

ಒಗ್ಗರಣೆ

ತೋಕಿಯೋ ಕನ್ನಡಿಗರು ಕೊಟ್ಟ ದಿನಾಂಕಗಳೇ, ಆ ಹಳೆಯ ಆಕ್ಷೇಪ ಸರಿಯೆನ್ನುವ ನನ್ನ ಪಕ್ಷಕ್ಕೆ ಸಾಕ್ಷಿ. ಮಾರ್ಚ್‌ನಲ್ಲಿ ದುರಂತ, ಬೇಸಿಗೆಯಲ್ಲಿ ಚಿತ್ರೀಕರಣ, ನವೆಂಬರ್‌ನಲ್ಲಿ ಗಲ್ಲಾಪೆಟ್ಟಿಗೆ! ನಿರ್ಮಾಪಕ ತೊಮೊಯುಕಿ ತನಾಕಾ ಅವರು ಇಂಡೋನೇಷ್ಯಾದ ಜೊತೆಗೂಡಿ ಒಂದು ಯುದ್ಧದ ಹಿನ್ನೆಲೆಯ ಚಿತ್ರ ಮಾಡಲು ಹೊರಟಿದ್ದರು. ಅಲ್ಲಿನ ಸರ್ಕಾರ ವೀಸಾ ನಿರಾಕರಿಸಿದ್ದರಿಂದ ಅದು ನಿಂತುಹೋಯಿತು. ಜಕಾರ್ತದಿಂದ ಮರಳುವ ವಿಮಾನದಲ್ಲಿ ಕೆಳಗಿನ ಸಮುದ್ರವನ್ನು ನೋಡುತ್ತ ಅವರಿಗೆ ಈ ಯೋಚನೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಖಾಲಿಯಾದ ಒಂದು ಬಿಡುಗಡೆಯ ಜಾಗವನ್ನು ತುಂಬಬೇಕಿತ್ತು. ‘ಕಿಂಗ್ ಕಾಂಗ್’ ಚಿತ್ರದ 1952ರ ಮರುಬಿಡುಗಡೆ ಚೆನ್ನಾಗಿ ದುಡಿದಿತ್ತು. ಬಾಂಬಿನಿಂದ ಎಚ್ಚೆತ್ತ ಪ್ರಾಚೀನ ಪ್ರಾಣಿಯೊಂದು ನಗರಕ್ಕೆ ನುಗ್ಗುವ ಕಥೆಯನ್ನು ಅಮೆರಿಕದವರು 1953ರಲ್ಲೇ ತೆರೆಗೆ ತಂದಿದ್ದರು. ತನಾಕಾ ಆ ಸೂತ್ರವನ್ನು ತಂದು ಆ ದಿನದ ಪತ್ರಿಕೆಯ ಮುಖಪುಟಕ್ಕೆ ಜೋಡಿಸಿದರು. ಬಿಡುಗಡೆಗೆ ಮುನ್ನವೇ ಕಥೆಯನ್ನು ಬಾನುಲಿ ನಾಟಕವಾಗಿ ಪ್ರಸಾರ ಮಾಡಿ ಜನರ ಕುತೂಹಲ ಕೆರಳಿಸಿದರು. ವ್ಯಾಪಾರವೆಂದರೆ ಇದೇ. ತಪ್ಪೆನ್ನುತ್ತಿಲ್ಲ, ಆದರೆ ಇದಕ್ಕೆ ಸಾಕ್ಷ್ಯಚಿತ್ರದ ಮರ್ಯಾದೆ ಕೊಡಬೇಕಿಲ್ಲ.

ಇನ್ನೊಂದು ಮಾತು. ಮುಂದಿನ ಭಾಗ 1955ರ ಏಪ್ರಿಲ್‌ನಲ್ಲೇ ಬಂತು. ಆರು ತಿಂಗಳೂ ಕಾಯಲಿಲ್ಲ.

ಗೊಂಬೆಮನೆ

ಒಗ್ಗರಣೆಯವರೇ, ವ್ಯಾಪಾರದ ಮಾತನ್ನು ಒಪ್ಪಿಕೊಳ್ಳೋಣ. ಆದರೆ ಬೇಗ ದುಡ್ಡು ಮಾಡಿಕೊಳ್ಳಲು ಹೊರಟವರ ಕೆಲಸ ತೆರೆಯ ಮೇಲೆ ಹೇಗೆ ಕಾಣುತ್ತದೆಂದು ನಮಗೆಲ್ಲ ಗೊತ್ತು. ಇಲ್ಲಿನ ಕೆಲಸ ಹಾಗಿಲ್ಲ. ನಾನು ಮಾದರಿಗಳನ್ನು ಮಾಡುವ ಹವ್ಯಾಸದವನಾದ್ದರಿಂದ ಆ ಕಡೆಯಿಂದಲೇ ನೋಡುತ್ತೇನೆ.

ಸ್ಪೆಷಲ್ ಎಫೆಕ್ಟ್‌ಗಳ ಹೊಣೆ ಹೊತ್ತವರು ಎಯ್‌ಜಿ ತ್ಸುಬುರಾಯಾ. ‘ಕಿಂಗ್ ಕಾಂಗ್’ ನೋಡಿ ಮರುಳಾಗಿದ್ದ ಅವರಿಗೆ ಬೊಂಬೆಯನ್ನು ಒಂದೊಂದು ಫ್ರೇಮಿಗೂ ಕೂದಲೆಳೆಯಷ್ಟು ಸರಿಸಿ ಚಿತ್ರೀಕರಿಸುವ ಆ ಪದ್ಧತಿಯೇ ಇಷ್ಟ. ಆದರೆ ಹಾಗೆ ಮಾಡಹೊರಟರೆ ವರ್ಷಗಳೇ ಹಿಡಿಯುತ್ತಿದ್ದವು. ಕೈಯಲ್ಲಿದ್ದದ್ದು ಕೆಲವೇ ತಿಂಗಳು. ಹಾಗಾಗಿ ಮನುಷ್ಯನಿಗೇ ವೇಷ ತೊಡಿಸುವ ತೀರ್ಮಾನವಾಯಿತು. ಮೊದಲು ಮಾಡಿದ ವೇಷ ಸುಮಾರು 100 ಕಿಲೋ ತೂಗುತ್ತಿತ್ತು. ಒಳಗೆ ಬಿದಿರು ಮತ್ತು ತಂತಿಯ ಹಂದರ, ಮೇಲೆ ಬಟ್ಟೆ, ಅದರ ಮೇಲೆ ಕರಗಿಸಿ ಮೆತ್ತಿದ ರಬ್ಬರು. ಅದನ್ನು ತೊಟ್ಟ ಹರುವೋ ನಕಾಜಿಮಾ ಹತ್ತು ಮೀಟರ್ ನಡೆಯುವಷ್ಟರಲ್ಲಿ ಸುಸ್ತಾಗಿ ಬಿದ್ದರು. ಆ ವೇಷವನ್ನು ಎರಡು ತುಂಡು ಮಾಡಿ, ಬರೀ ಕಾಲು ಅಥವಾ ಬರೀ ಮೇಲ್ಭಾಗ ಕಾಣುವ ಶಾಟ್‌ಗಳಿಗೆ ಬಳಸಿಕೊಂಡರು. ಇನ್ನೊಂದು ಹಗುರವಾದದ್ದನ್ನು ಹೊಸದಾಗಿ ಮಾಡಿದರು. ಹಗುರವೆಂದರೂ ಹೊರೆಯೇ. ನಕಾಜಿಮಾ ಅವರೊಂದಿಗೆ ಕತ್ಸುಮಿ ತೆಜುಕಾ ಕೂಡ ವೇಷ ತೊಟ್ಟರು, ಆದರೆ ಹೆಚ್ಚಿನ ಭಾಗ ನಕಾಜಿಮಾ ಅವರದೇ. ನಡಿಗೆ ಕಲಿಯಲು ಅವರು ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳು ಹೆಜ್ಜೆ ಎತ್ತಿಡುವುದನ್ನು ಗಮನಿಸುತ್ತಿದ್ದರು.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. 50 ಮೀಟರ್ ಎತ್ತರದ ಪ್ರಾಣಿಯ ಮೈಭಾರ ಕಾಣಬೇಕಾದರೆ ಚಲನೆ ನಿಧಾನವಾಗಿರಬೇಕು. ಕಟ್ಟಡ ಕುಸಿದರೆ ಇಟ್ಟಿಗೆಯ ಪುಡಿ ಆಟಿಕೆಯ ಹಾಗೆ ತಟ್ಟನೆ ಉದುರಬಾರದು. ಅದಕ್ಕಾಗಿ ಕ್ಯಾಮೆರಾವನ್ನು ಮಾಮೂಲಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸಿ, ತೆರೆಯ ಮೇಲೆ ಮಾಮೂಲಿ ವೇಗದಲ್ಲಿ ತೋರಿಸಿದರು. ಸೆಕೆಂಡಿಗೆ ಫ್ರೇಮುಗಳು ಹೆಚ್ಚಿದಷ್ಟೂ ಪ್ರತಿ ಫ್ರೇಮಿಗೆ ಸಿಗುವ ಬೆಳಕು ಕಡಿಮೆ; ಆದ್ದರಿಂದ ಸೆಟ್ಟಿನಲ್ಲಿ ದೀಪಗಳು ಹೆಚ್ಚಬೇಕು. ದೀಪ ಹೆಚ್ಚಿದಷ್ಟೂ ರಬ್ಬರಿನ ಒಳಗಿದ್ದವನು ಬೇಯುತ್ತಾನೆ. ತೆರೆಯ ಮೇಲೆ ನಾವು ಕಾಣುವ ಆ ಭಾರವಾದ, ನೋವು ತುಂಬಿದಂತಿರುವ ನಡಿಗೆ ಅರ್ಧ ಕ್ಯಾಮೆರಾದ್ದು, ಇನ್ನರ್ಧ ನಿಜವಾಗಿಯೂ ಕಾಲೆತ್ತಲಾಗದ ಒಬ್ಬ ಮನುಷ್ಯನದ್ದು.

ನಗರವನ್ನು ಹೆಚ್ಚಾಗಿ 1:25ರ ಪ್ರಮಾಣದಲ್ಲಿ ಕಟ್ಟಿದ್ದರು. ವಿದ್ಯುತ್ ಗೋಪುರಗಳು ಗೊಜಿರಾದ ಉಸಿರಿಗೆ ಬಾಗಿ ಕರಗುವ ಶಾಟ್ ಇದೆಯಲ್ಲ, ಅವು ಮೇಣದವು. ಬಿಸಿ ದೀಪಗಳನ್ನು ಹತ್ತಿರಕ್ಕೆ ತಂದು ಕರಗಿಸಿದರು. ಇವತ್ತಿಗೂ ಆ ಶಾಟ್ ನೋಡಿದಾಗ ಕೈ ಜುಮ್ಮೆನ್ನುತ್ತದೆ.

ಹಳೆಯ ರೀಲು

ಗೊಂಬೆಮನೆಯವರ ಮಾತಿಗೆ ಒಂದು ಸೇರ್ಪಡೆ. ತ್ಸುಬುರಾಯಾ ಅವರು ಯುದ್ಧಕಾಲದಲ್ಲಿ ಇದೇ ತೋಹೋ ಸಂಸ್ಥೆಯಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲಿನ ದಾಳಿಯನ್ನು ಕೊಂಡಾಡುವ 1942ರ ಪ್ರಚಾರ ಚಿತ್ರಕ್ಕೆ ಮಾದರಿ ಬಂದರು, ಮಾದರಿ ಯುದ್ಧನೌಕೆಗಳನ್ನು ಕಟ್ಟಿದ್ದವರು. ಸೋಲಿನ ನಂತರ ಆ ಕಾರಣಕ್ಕೇ ಕೆಲಕಾಲ ಕೆಲಸದಿಂದ ಹೊರಗುಳಿಯಬೇಕಾಯಿತು. ಶತ್ರುವಿನ ಬಂದರನ್ನು ಸುಡುವುದನ್ನು ತೋರಿಸಲು ಕಲಿತ ಕೈಚಳಕವನ್ನೇ ಹನ್ನೆರಡು ವರ್ಷಗಳ ನಂತರ ತನ್ನ ರಾಜಧಾನಿ ಸುಡುವುದನ್ನು ತೋರಿಸಲು ಬಳಸಿದರು. ಛಾಯಾಗ್ರಾಹಕ ಮಸಾವೋ ತಮಾಯ್ ಅವರು ನಿರ್ದೇಶಕ ಮಿಕಿಯೋ ನರುಸೆಯವರ ಕೌಟುಂಬಿಕ ಚಿತ್ರಗಳಿಗೆ ಕೆಲಸ ಮಾಡಿದವರು. ಮನೆಯೊಳಗಿನ ದೃಶ್ಯಗಳಲ್ಲಿ ಬೆಳಕು ಅಷ್ಟು ಸಂಯಮದಿಂದಿರುವುದು ಸುಮ್ಮನೆ ಬಂದದ್ದಲ್ಲ.

ಮಂದ್ರಸಪ್ತಕ

ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಸಂಗೀತ ಅಕಿರಾ ಇಫುಕುಬೆ ಅವರದು. ಗೊಜಿರಾದ ಕೂಗಿಗೆ ಮೊದಲು ಪ್ರಾಣಿಗಳ ದನಿಗಳನ್ನು ಪ್ರಯತ್ನಿಸಿದರು, ಯಾವುದೂ ಸರಿಬರಲಿಲ್ಲ. ಕೊನೆಗೆ ಡಬಲ್ ಬೇಸ್ ವಾದ್ಯದ ತಂತಿಯನ್ನು ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಅದನ್ನು ಉದ್ದಕ್ಕೆ ಉಜ್ಜಿ ಎಳೆದರು, ಧ್ವನಿಮುದ್ರಿಸಿದ್ದನ್ನು ನಿಧಾನಗೊಳಿಸಿದರು. ಅದಕ್ಕೇ ಆ ಕೂಗಿನಲ್ಲಿ ಗರ್ಜನೆಗಿಂತ ನರಳಾಟ ಹೆಚ್ಚು.

ಇಫುಕುಬೆ ಯುದ್ಧದ ಕಾಲದಲ್ಲಿ ಮರವನ್ನು ಗಟ್ಟಿಗೊಳಿಸುವ ಸಂಶೋಧನೆಯಲ್ಲಿ ತೊಡಗಿದ್ದಾಗ ಸಾಕಷ್ಟು ರಕ್ಷಣೆಯಿಲ್ಲದೆ ಎಕ್ಸ್‌ರೇ ವಿಕಿರಣಕ್ಕೆ ಒಡ್ಡಿಕೊಂಡು ಕಾಯಿಲೆ ಬಿದ್ದಿದ್ದರು. ಈ ಚಿತ್ರದ ವಿಕಿರಣದ ಭಯ ಅವರಿಗೆ ಪತ್ರಿಕೆಯಲ್ಲಿ ಓದಿ ತಿಳಿದದ್ದಾಗಿರಲಿಲ್ಲ.

ಒಗ್ಗರಣೆ

ಕುಶಲತೆಯನ್ನು ನಾನೆಂದೂ ಅಲ್ಲಗಳೆದಿಲ್ಲ. ನನ್ನ ತಕರಾರು ಬೇರೆ. ಈ ಚಿತ್ರದಲ್ಲಿ ಜಪಾನ್ ಪೂರ್ತಿಯಾಗಿ ಬಲಿಪಶು. ಎಲ್ಲಿಂದಲೋ ಒಂದು ಪಿಡುಗು ಬಂದೆರಗುತ್ತದೆ, ನಗರ ಉರಿಯುತ್ತದೆ, ಅಮಾಯಕರು ಸಾಯುತ್ತಾರೆ. ಆ ನಗರ ಹತ್ತು ವರ್ಷಗಳ ಹಿಂದೆ ಚೀನಾ, ಕೊರಿಯಾ, ಬರ್ಮಾಗಳಲ್ಲಿ ಏನು ಮಾಡಿತ್ತು ಎಂಬುದರ ಸುಳಿವೂ ಇಲ್ಲ. ಬಾಂಬು ಹಾಕಿದ ದೇಶದ ಹೆಸರೂ ಇಲ್ಲ. ಅಪರಾಧವೂ ಅನಾಮಿಕ, ಅಪರಾಧಿಯೂ ಅನಾಮಿಕ, ಉಳಿದದ್ದು ಕಣ್ಣೀರು. ಶಾಲಾ ಬಾಲಕಿಯರ ಮೇಳ ಶಾಂತಿಗೀತೆ ಹಾಡುವ ದೃಶ್ಯವಂತೂ ಕಣ್ಣೀರನ್ನು ಬಲವಂತವಾಗಿ ಹಿಂಡುವ ಪ್ರಯತ್ನವೇ ಸರಿ.

ತೆರೆಮರೆ

ಇದು ಗಟ್ಟಿಯಾದ ಆಕ್ಷೇಪ. ನಾನು ಆರಂಭದಲ್ಲಿ ಹೇಳಿದ್ದಕ್ಕಿಂತಲೂ ಗಟ್ಟಿಯಾದದ್ದು. ಅರ್ಧ ಒಪ್ಪುತ್ತೇನೆ.

ಹೆಸರು ಹೇಳದಿರುವುದರ ಹಿನ್ನೆಲೆಯನ್ನು ಗಮನಿಸಬೇಕು. ಸೋತ ಜಪಾನಿನ ಮೇಲಿದ್ದ ಅಮೆರಿಕದ ಆಡಳಿತ ಮುಗಿದದ್ದು 1952ರ ಏಪ್ರಿಲ್‌ನಲ್ಲಿ. ಅದರ ಮೊದಲ ವರ್ಷಗಳಲ್ಲಿ ಅಣುಬಾಂಬಿನ ಪರಿಣಾಮಗಳ ಬಗ್ಗೆ ಬರೆಯುವುದರ ಮೇಲೂ ತೋರಿಸುವುದರ ಮೇಲೂ ಬಿಗಿಯಾದ ಸೆನ್ಸಾರ್ ಇತ್ತು. ಅದು ಹೋಗಿ ಎರಡೂವರೆ ವರ್ಷವಷ್ಟೇ ಆಗಿದ್ದಾಗ, ದೊಡ್ಡ ಸಂಸ್ಥೆಯೊಂದರ ಮುಖ್ಯವಾಹಿನಿಯ ಚಿತ್ರದಲ್ಲಿ, ರೈಲಿನಲ್ಲಿ ಹೋಗುತ್ತಿರುವ ಒಬ್ಬ ಯುವತಿ ವಿಕಿರಣ ತಗುಲಿದ ಟ್ಯೂನಾ, ವಿಕಿರಣದ ಮಳೆ, ಈಗ ಈ ಗೊಜಿರಾ ಎಂದು ಬೇಸತ್ತು, ತಾನು ನಾಗಾಸಾಕಿಯಲ್ಲಿ ಬದುಕುಳಿದದ್ದು ಇದಕ್ಕೇನಾ ಎಂಬರ್ಥದ ಮಾತನ್ನಾಡುತ್ತಾಳೆ. ಪಕ್ಕದವರು ಮತ್ತೆ ಅಡಗುದಾಣ ಹುಡುಕಬೇಕಲ್ಲ ಎನ್ನುತ್ತಾರೆ, ಅಷ್ಟೇ. ಬೆಲೆಯೇರಿಕೆಯ ಬಗ್ಗೆ ಗೊಣಗಿದಷ್ಟು ಸಹಜವಾಗಿ ಅದು ಬಂದುಹೋಗುತ್ತದೆ. ಸಂಸತ್ತಿನ ದೃಶ್ಯದಲ್ಲಿ ಒಬ್ಬ ಸದಸ್ಯ ಈ ಪ್ರಾಣಿಗೂ ಜಲಜನಕ ಬಾಂಬಿಗೂ ಇರುವ ಸಂಬಂಧ ಬಯಲಾದರೆ ವಿದೇಶ ಬಾಂಧವ್ಯ ಕೆಡುತ್ತದೆಂದು ವಾದಿಸುತ್ತಾನೆ. ಮಹಿಳಾ ಸದಸ್ಯರು ಎದ್ದುನಿಂತು ಸತ್ಯವನ್ನು ಜನರ ಮುಂದಿಡಿ ಎಂದು ಕೂಗುತ್ತಾರೆ. ದೇಶದ ಹೆಸರು ಏಕೆ ಬಂದಿಲ್ಲ ಎಂಬುದಕ್ಕೆ ಚಿತ್ರವೇ ತನ್ನೊಳಗೆ ಉತ್ತರ ಕೊಟ್ಟಿದೆ.

ಚೀನಾದ ಬಗ್ಗೆ ನೀವು ಹೇಳಿದ್ದು ಸರಿ. ನಿರ್ದೇಶಕ ಇಶಿರೋ ಹೋಂಡಾ ವರ್ಷಗಟ್ಟಲೆ ಅಲ್ಲಿ ಸೈನಿಕನಾಗಿದ್ದವರು. 1946ರಲ್ಲಿ ಮರಳುವಾಗ ಹಿರೋಶಿಮಾದ ಮೂಲಕ ಹಾದುಬಂದರು. ತಮ್ಮ ಕಡೆಯವರು ಮಾಡಿದ್ದನ್ನೂ ತಮ್ಮ ಮೇಲೆ ಆದದ್ದನ್ನೂ ಎರಡನ್ನೂ ಬಲ್ಲ ಮನುಷ್ಯ. ತೆರೆಯ ಮೇಲೆ ಎರಡನೆಯದು ಮಾತ್ರ ಬಂದಿದೆ. ಆದರೂ ಸೆರಿಜಾವಾ ಪಾತ್ರವನ್ನು ಮರೆಯಬಾರದು. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ಈ ವಿಜ್ಞಾನಿ ನೀರಿನ ಆಮ್ಲಜನಕವನ್ನು ನಾಶಮಾಡುವ ಅಸ್ತ್ರವನ್ನು ಕಂಡುಹಿಡಿದು, ರಾಜಕಾರಣಿಗಳ ಕೈಗೆ ಸಿಕ್ಕರೆ ಏನಾಗುವುದೆಂಬ ಭಯದಲ್ಲಿ ಅದನ್ನು ಬಚ್ಚಿಟ್ಟಿರುತ್ತಾನೆ. ಕೊನೆಗೆ ಒಂದೇ ಬಾರಿ ಬಳಸಲು ಒಪ್ಪಿ, ಕಾಗದಪತ್ರಗಳನ್ನೆಲ್ಲ ಸುಟ್ಟು, ಸಮುದ್ರದ ತಳದಲ್ಲಿ ತನ್ನ ಹಗ್ಗವನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಮಹಾಸ್ತ್ರ ತಯಾರಿಸಿದ ಜಪಾನಿಯೊಬ್ಬ ಅದರ ಹೊಣೆಯನ್ನು ತನ್ನ ಮೇಲೇ ಹಾಕಿಕೊಳ್ಳುವ ಕಥೆ ಬರೀ ಬಲಿಪಶುವಿನ ಕಥೆಯಾಗಲಾರದು.

ತೋಕಿಯೋ ಕನ್ನಡಿಗ

ಇಲ್ಲಿ ನಮ್ಮ ದೇಶದ ಒಂದು ನಂಟೂ ಇದೆ. ಬ್ರಾವೋ ಸ್ಫೋಟದ ಒಂದು ತಿಂಗಳ ನಂತರ, 1954ರ ಏಪ್ರಿಲ್ 2ರಂದು, ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನಾದರೂ ತಕ್ಷಣ ನಿಲ್ಲಿಸುವ ಒಪ್ಪಂದವಾಗಬೇಕೆಂದು ಕರೆಕೊಟ್ಟರು. ಜಪಾನಿನಲ್ಲಿ ತೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಮುಂದಾಗಿ ನಡೆಸಿದ ಸಹಿ ಸಂಗ್ರಹ ದೇಶವ್ಯಾಪಿಯಾಗಿ, 1955ರ ಆಗಸ್ಟ್ ಹೊತ್ತಿಗೆ ಮೂರು ಕೋಟಿಗೂ ಮಿಕ್ಕಿದ ಸಹಿಗಳಾದವು. ಸಂಸತ್ತಿನ ದೃಶ್ಯದಲ್ಲಿ ಕೂಗುವವರು ಹೆಂಗಸರೇ ಏಕೆ ಎಂಬುದಕ್ಕೆ ಬೀದಿಯಲ್ಲಿ ಆಗ ನಡೆಯುತ್ತಿದ್ದದ್ದನ್ನು ನೋಡಿದರೆ ಸಾಕು.

ಹಳೆಯ ರೀಲು

ಈ ಚಿತ್ರ ಹಗುರವೆಂಬ ಭಾವನೆ ಹೊರದೇಶಗಳಲ್ಲಿ ಹಬ್ಬಲು ಮುಖ್ಯ ಕಾರಣ 1956ರ ಅಮೆರಿಕನ್ ಆವೃತ್ತಿ. 96 ನಿಮಿಷಗಳ ಮೂಲವನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಅಮೆರಿಕನ್ ಪತ್ರಕರ್ತನಾಗಿ ಒಳಗೆ ಸೇರಿಸಿ, ಸುಮಾರು 80 ನಿಮಿಷಕ್ಕೆ ಇಳಿಸಿದರು. ಮೂಲದ ಜಪಾನಿ ಪಾತ್ರಗಳು ಅವನೊಡನೆ ಮಾತನಾಡುವಂತೆ ತೋರಿಸಬೇಕಲ್ಲ, ಅದಕ್ಕೆ ಬೇರೆ ನಟರನ್ನು ಬೆನ್ನು ಮಾತ್ರ ಕಾಣುವಂತೆ ನಿಲ್ಲಿಸಿದರು. ಒಮ್ಮೆ ಗೊತ್ತಾದರೆ ಆಮೇಲೆ ಬರೀ ಬೆನ್ನುಗಳೇ ಕಾಣುತ್ತವೆ. ನಾಗಾಸಾಕಿಯ ಮಾತು ಹೋಯಿತು, ಸಂಸತ್ತಿನ ಜಗಳ ಹೋಯಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕೊನೆಯಲ್ಲಿದೆ. ಮೂಲದಲ್ಲಿ ತಕಾಶಿ ಶಿಮುರಾ ಅಭಿನಯಿಸಿದ ಹಿರಿಯ ವಿಜ್ಞಾನಿ ಯಮಾನೆ, ಪರೀಕ್ಷೆಗಳು ಮುಂದುವರಿದರೆ ಜಗತ್ತಿನ ಎಲ್ಲೋ ಒಂದೆಡೆ ಇನ್ನೊಂದು ಗೊಜಿರಾ ಎದ್ದುಬರಬಹುದೆಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಅಮೆರಿಕನ್ ಆವೃತ್ತಿಯಲ್ಲಿ ಆ ಜಾಗಕ್ಕೆ ಅಪಾಯ ಕಳೆಯಿತು, ಜಗತ್ತು ಮತ್ತೆ ನೆಮ್ಮದಿಯಿಂದ ಬದುಕಬಹುದು ಎಂಬ ಪತ್ರಕರ್ತನ ಮಾತು ಬಂದು ಕೂತಿದೆ.

ದಶಕಗಳ ಕಾಲ ಜಪಾನಿನ ಹೊರಗಿನ ಹೆಚ್ಚಿನವರು ನೋಡಿದ್ದು ಇದನ್ನೇ. ಮೂಲ ಚಿತ್ರ ಸಬ್‌ಟೈಟಲ್‌ಗಳೊಂದಿಗೆ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಂಡದ್ದು 2004ರಲ್ಲಿ, ಚಿತ್ರಕ್ಕೆ ಐವತ್ತು ತುಂಬಿದಾಗ! ಅಲ್ಲಿನ ಹಲವು ವಿಮರ್ಶಕರಿಗೆ ತಾವು ಬಾಲ್ಯದಲ್ಲಿ ನೋಡಿ ನಕ್ಕ ಚಿತ್ರ ಇದೇನಾ ಎಂದು ಅಚ್ಚರಿಯಾಯಿತು.

ಗೊಂಬೆಮನೆ

ತಾಯ್ನಾಡಿನಲ್ಲೂ ಗೊಜಿರಾ ಗಂಭೀರವಾಗಿ ಉಳಿಯಲಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1964ರ ಹೊತ್ತಿಗೆ ಅದು ಇನ್ನೊಂದು ದೈತ್ಯನ ವಿರುದ್ಧ ಭೂಮಿಯನ್ನು ಕಾಯುವ ಪಾತ್ರಕ್ಕೆ ಬಂದಿತ್ತು. ವೇಷದೊಳಗೆ ಆಗಲೂ ನಕಾಜಿಮಾ ಅವರೇ, 1972ರವರೆಗೂ ಅವರೇ. 2016ರ ‘ಶಿನ್ ಗೊಜಿರಾ’ 2011ರ ಫುಕುಶಿಮಾ ಅಣುಸ್ಥಾವರ ದುರಂತದ ನಂತರದ ಸರ್ಕಾರಿ ಸಭೆಗಳನ್ನು ಲೇವಡಿ ಮಾಡಿತು. 2023ರ ‘ಗೊಜಿರಾ ಮೈನಸ್ ಒನ್’ ಸಣ್ಣ ತಂಡದ ಕೆಲಸಕ್ಕೆ ವಿಷುಯಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್ ಪಡೆಯಿತು. ಎರಡೂ ಮತ್ತೆ 1954ರ ಕಡೆಗೆ ಮುಖ ಮಾಡಿದವು.

ಒಗ್ಗರಣೆ

ಸೆರಿಜಾವಾನ ವಿಷಯದಲ್ಲಿ ತೆರೆಮರೆಯವರ ವಾದವನ್ನು ಒಪ್ಪುತ್ತೇನೆ. ಆಸ್ಪತ್ರೆಯ ದೃಶ್ಯವನ್ನೂ ನಾನು ಪ್ರಶ್ನಿಸುವುದಿಲ್ಲ. ಆದರೆ ಬಾಲಕಿಯರ ಮೇಳ ನನಗೆ ಈಗಲೂ ಸಹಿಸದು. ಕೈಯಲ್ಲಿ ಕತ್ತರಿ ಕೊಟ್ಟರೆ ಮೊದಲು ಅದನ್ನೇ ತೆಗೆಯುತ್ತೇನೆ.

ತೆರೆಮರೆ

ತೆಗೆದರೆ ಕಥೆ ನಿಂತುಹೋಗುತ್ತದೆ, ಒಗ್ಗರಣೆಯವರೇ. ನಾಯಕನೂ ನಾಯಕಿಯೂ ಸೇರಿ ಎಷ್ಟು ಬೇಡಿಕೊಂಡರೂ ಒಪ್ಪದ ಸೆರಿಜಾವಾ ಮನಸ್ಸು ಬದಲಿಸುವುದು ಟೆಲಿವಿಷನ್‌ನಲ್ಲಿ ಆ ಹಾಡು ಕೇಳಿದ ಮೇಲೆಯೇ. ಹಾಡಿನ ಜೊತೆ ಕ್ಯಾಮೆರಾ ಸಾಲುಸಾಲು ಬಾಲಕಿಯರ ಮೇಲೂ ಸುಟ್ಟ ನಗರದ ಮೇಲೂ ಹಾಯುತ್ತದೆ, ಮರಳಿ ಅವನ ಕೋಣೆಗೆ ಬರುತ್ತದೆ. ಅವನು ಎದ್ದು ಹೋಗಿ ಟೆಲಿವಿಷನ್ ಆರಿಸುತ್ತಾನೆ, ಆಮೇಲೆ ಕಾಗದಗಳನ್ನು ತೆಗೆದು ಬೆಂಕಿಗೆ ಹಾಕತೊಡಗುತ್ತಾನೆ. ಕತ್ತರಿಸುವುದಾದರೆ ಹಾಡಿನ ಉದ್ದವನ್ನು ಸ್ವಲ್ಪ ಕಡಿಮೆ ಮಾಡಬಹುದು. ಅದಕ್ಕೆ ನನ್ನ ಅಡ್ಡಿಯಿಲ್ಲ.